ಕಲ್ಲು ಜೋಡಿಸಿದ ನದೀಮೂಲ: ಇಟಾಸ್ಕಾ ಉದ್ಯಾನದ ಚರಿತ್ರೆ

ಅಮೆರಿಕ ಸಂಯುಕ್ತ ಸಂಸ್ಥಾನದ ಉತ್ತರದಂಚಿನ ಮಿನ್ನೆಸೋಟ ರಾಜ್ಯದಲ್ಲಿ, ಪೈನ್ ಮರಗಳ ಕಾಡಿನ ನಡುವೆ ಮೂರು ಕವಲಾಗಿ ಚಾಚಿಕೊಂಡಿರುವ ಇಟಾಸ್ಕಾ ಸರೋವರವು ತನ್ನ ಉತ್ತರದ ತುದಿಯಲ್ಲಿ ಕೋಡಿ ಬೀಳುತ್ತದೆ. ಸಾಲಾಗಿ ಜೋಡಿಸಿದ ಬಂಡೆಗಳ ಸಂದಿಯಲ್ಲಿ ನುಸುಳಿ ಹೊರಬರುವ ಆ ತಿಳಿನೀರು, ಸೆಕೆಂಡಿಗೆ ಸರಾಸರಿ 6 ಘನ ಅಡಿಯಷ್ಟು ಮಾತ್ರ ಹರಿಯುವ, 20ರಿಂದ 30 ಅಡಿ ಅಗಲದ, ಮಕ್ಕಳೂ ದಾಟಬಲ್ಲ ತೊರೆ. ಅದೇ ಮಿಸಿಸಿಪ್ಪಿ ನದಿಯ ಆರಂಭವೆಂದು ಭೂಪಟಗಳು ಒಪ್ಪಿಕೊಂಡಿವೆ. ಪಕ್ಕದಲ್ಲಿ ನೆಟ್ಟಿರುವ ದಪ್ಪನೆಯ ಮರದ ದಿಮ್ಮಿಯ ಮೇಲೆ, ಸಮುದ್ರಮಟ್ಟದಿಂದ 1475 ಅಡಿ ಎತ್ತರದ ಈ ಸ್ಥಳದಿಂದ ನದಿಯು 2552 ಮೈಲಿ, ಎಂದರೆ ಸುಮಾರು 4100 ಕಿಲೋಮೀಟರ್ ದೂರದ ಮೆಕ್ಸಿಕೊ ಕೊಲ್ಲಿಗೆ ಹರಿದುಹೋಗುತ್ತದೆಂದು ಹಳದಿ ಬಣ್ಣದ ಅಕ್ಷರಗಳಲ್ಲಿ ಕೊರೆಯಲಾಗಿದೆ. ವರ್ಷಕ್ಕೆ ಐದು ಲಕ್ಷಕ್ಕೂ ಮಿಕ್ಕ ಜನ ಇಲ್ಲಿಗೆ ಬರುತ್ತಾರೆ. ಬಂದವರಲ್ಲಿ ಬಹುಮಂದಿ ಪಾದರಕ್ಷೆ ಕಳಚಿ, ಪಾಚಿ ಹಿಡಿದು ಜಾರುವ ಆ ಬಂಡೆಗಳ ಮೇಲೆ ಕೈಚಾಚಿ ತೂಗಿಸಿಕೊಳ್ಳುತ್ತ ನದಿಯನ್ನು ದಾಟಿ, ಆಚೆ ದಡದಿಂದ ಮತ್ತೆ ಈಚೆಗೆ ಬರುತ್ತಾರೆ. ಆದರೆ ಅವರು ಕಾಲಿಡುವ ಬಂಡೆಗಳಾಗಲಿ, ಸರೋವರದ ಹೆಸರಾಗಲಿ, ಸುತ್ತಲಿನ ಕಾಡು ಇಂದಿಗೂ ನಿಂತಿರುವುದಾಗಲಿ ತಾನಾಗಿ ಒದಗಿ ಬಂದದ್ದಲ್ಲ. ಇವುಗಳಲ್ಲಿ ಪ್ರತಿಯೊಂದರ ಹಿಂದೆಯೂ ಮನುಷ್ಯರ ತೀರ್ಮಾನ, ಜಗಳ ಮತ್ತು ಕೂಲಿಯಿದೆ.

ದಿಮ್ಮಿಯ ಮೇಲಿನ ಅಂಕಿಯಲ್ಲಿಯೇ ಈ ಮಾತಿನ ಸೂಚನೆ ಸಿಗುತ್ತದೆ. ಉದ್ಯಾನದವರು ನದಿಯ ಉದ್ದವನ್ನು 2552 ಮೈಲಿ ಎಂದು ಹೇಳಿದರೆ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 2300 ಎನ್ನುತ್ತದೆ, ಪರಿಸರ ಸಂರಕ್ಷಣಾ ಇಲಾಖೆ 2320 ಎನ್ನುತ್ತದೆ. ನದಿ ತನ್ನ ತಿರುವುಗಳನ್ನು ಕಡಿದುಕೊಂಡು ನೇರವಾಗುವುದು, ಮುಖಜಭೂಮಿಯಲ್ಲಿ ಹೂಳು ತುಂಬುವುದು, ಅಳೆಯುವ ವಿಧಾನ ಬದಲಾಗುವುದು ಇವೆಲ್ಲ ಈ ವ್ಯತ್ಯಾಸಕ್ಕೆ ಕಾರಣಗಳಾಗಿದ್ದು, ಹಳದಿ ಅಕ್ಷರಗಳು ಮಾತ್ರ ತಮ್ಮ ಹಳೆಯ ಲೆಕ್ಕವನ್ನು ಬಿಟ್ಟುಕೊಟ್ಟಿಲ್ಲ.

ಅಮೆರಿಕದಲ್ಲಿ ಕೇಂದ್ರ ಸರ್ಕಾರದ ಅಧೀನದಲ್ಲಿರುವ ಉದ್ಯಾನಗಳನ್ನು ರಾಷ್ಟ್ರೀಯ ಉದ್ಯಾನಗಳೆಂದೂ, ಒಂದೊಂದು ರಾಜ್ಯವು ತನ್ನದೇ ಶಾಸನದಿಂದ ಸ್ಥಾಪಿಸಿ ತನ್ನದೇ ಬೊಕ್ಕಸದಿಂದ ನಡೆಸುವವುಗಳನ್ನು ರಾಜ್ಯ ಉದ್ಯಾನಗಳೆಂದೂ ಕರೆಯುವ ರೂಢಿಯಿದೆ. ನ್ಯೂಯಾರ್ಕ್ ರಾಜ್ಯವು 1885ರಲ್ಲಿ ನಯಾಗರಾ ಜಲಪಾತದ ಸುತ್ತಲಿನ ನೆಲವನ್ನು ಹೀಗೆ ಕಾಯ್ದಿರಿಸಿದ ಆರು ವರ್ಷಗಳ ಮೇಲೆ, 1891ರ ಏಪ್ರಿಲ್ 20ರಂದು ಇಟಾಸ್ಕಾ ರಾಜ್ಯ ಉದ್ಯಾನ ಅಸ್ತಿತ್ವಕ್ಕೆ ಬಂದಿತು. ಮಿನ್ನೆಸೋಟದ ಮಟ್ಟಿಗೆ ಇದೇ ಮೊದಲನೆಯದು. ಇಂದು ಇದರ ವಿಸ್ತಾರ 32,000 ಎಕರೆಗೂ ಹೆಚ್ಚು, ಎಲ್ಲೆಯೊಳಗಿನ ಸಣ್ಣ ದೊಡ್ಡ ಸರೋವರಗಳು ನೂರಕ್ಕೂ ಮೇಲೆ.

ಈ ನೆಲದ ಮನುಷ್ಯಚರಿತ್ರೆ ಉದ್ಯಾನಕ್ಕಿಂತ, ಹಾಗೆಯೇ ರಾಜ್ಯಕ್ಕಿಂತ, ಎಷ್ಟೋ ಹಳೆಯದು. ಸರೋವರದ ನೈಋತ್ಯಕ್ಕೆ ಬಂದು ಸೇರುವ ನಿಕೊಲೆ ತೊರೆಯ ಬಳಿ ರಸ್ತೆ ಕೆಲಸದ ವೇಳೆ ಮೂಳೆಗಳು ಹೊರಬಿದ್ದು, 1960ರ ದಶಕದಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದವರು ಉತ್ಖನನ ನಡೆಸಿದಾಗ, ಸುಮಾರು 8000 ವರ್ಷಗಳ ಹಿಂದೆ ಬೇಟೆಗಾರರು ಹೊಂಚುಹಾಕಿ ಕೊಂದ ಕಾಡೆಮ್ಮೆಗಳ, ಎಂದರೆ ಇಂದಿನ ಅಮೆರಿಕದ ಬೈಸನ್ನಿಗಿಂತ ದೊಡ್ಡದಾಗಿದ್ದ ಪ್ರಾಣಿಗಳ, ಅವಶೇಷಗಳೂ ಅವುಗಳನ್ನು ಕಡಿದು ಹಸನು ಮಾಡಲು ಬಳಸಿದ ಕಲ್ಲಿನ ಆಯುಧಗಳೂ ದೊರೆತವು. ಸರೋವರದ ದಡದಲ್ಲಿ ಅದಕ್ಕಿಂತ ಬಹಳ ಈಚಿನ, ಐನೂರು ವರ್ಷಗಳಿಗೂ ಹಿಂದಿನ ಸಮಾಧಿ ದಿಬ್ಬಗಳಿವೆ. ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಈ ಕಾಡುಗಳು ಒಜಿಬ್ವೆ ಜನರ ವಶದಲ್ಲಿದ್ದವು. ಅವರು ಈ ಸರೋವರವನ್ನು ಒಂದು ಬಗೆಯ ದೊಡ್ಡ ಜಿಂಕೆಯಾದ ಎಲ್ಕಿನ ಹೆಸರಿನಿಂದ ಕರೆಯುತ್ತಿದ್ದರು, ಫ್ರೆಂಚ್ ತುಪ್ಪಳ ವ್ಯಾಪಾರಿಗಳು ಅದನ್ನೇ ಅನುವಾದಿಸಿ ಲಾಕ್ ಲ ಬೀಶ್ ಎಂದರು. ಹೀಗೆ ಸರೋವರಕ್ಕೆ ಹೆಸರಿತ್ತು, ಅದರ ಬಳಿಗೆ ಹೋಗಿಬರುವ ದಾರಿಯೂ ಇತ್ತು. ಆ ದಾರಿ ಗೊತ್ತಿಲ್ಲದವರು ಅದನ್ನು ಮುಂದೆ ಶೋಧಿಸಿದರೆಂದು ಬರೆದುಕೊಂಡರು.

ನದೀಮೂಲ, ಋಷಿಮೂಲಗಳನ್ನು ಕೆದಕಬಾರದೆಂದು ಕನ್ನಡದಲ್ಲಿ ಒಂದು ಮಾತಿದೆ. ಮಿಸಿಸಿಪ್ಪಿಯ ಮಟ್ಟಿಗೆ ಹತ್ತೊಂಬತ್ತನೆಯ ಶತಮಾನದ ಅಮೆರಿಕನ್ನರು ಇದಕ್ಕೆ ತದ್ವಿರುದ್ಧವಾಗಿ ನಡೆದುಕೊಂಡರು. ಅವರಿಗೆ ಅದು ಕುತೂಹಲವಷ್ಟೇ ಆಗಿರದೆ ರಾಜಕೀಯವೂ ಆಗಿತ್ತು, ಏಕೆಂದರೆ 1783ರ ಪ್ಯಾರಿಸ್ ಒಪ್ಪಂದದಲ್ಲಿ ಬ್ರಿಟಿಷ್ ನೆಲಕ್ಕೂ ಅಮೆರಿಕಕ್ಕೂ ನಡುವಿನ ಗಡಿಯನ್ನು ಗುರುತಿಸುವಾಗ ಈ ನದಿಯನ್ನೇ ಆಧಾರವಾಗಿಟ್ಟುಕೊಳ್ಳಲಾಗಿತ್ತು. ಝೆಬುಲನ್ ಪೈಕ್ 1806ರಲ್ಲಿ ಲೀಚ್ ಸರೋವರವನ್ನು ಮೂಲವೆಂದ. ಲೂಯಿಸ್ ಕ್ಯಾಸ್ 1820ರಲ್ಲಿ ಬಂದು ಇಂದು ಅವನದೇ ಹೆಸರು ಹೊತ್ತಿರುವ ಸರೋವರದಿಂದ ಹಿಂದಿರುಗಿದ. ಇಟಲಿಯ ಬೆಲ್ಟ್ರಾಮಿ 1823ರಲ್ಲಿ ಒಂಟಿಯಾಗಿ ಅಲೆದು ಮತ್ತೊಂದು ಸರೋವರಕ್ಕೆ ಜೂಲಿಯಾ ಎಂದು ಹೆಸರಿಟ್ಟು ಅದೇ ಮೂಲವೆಂದು ಸಾರಿದ.

ಹೆನ್ರಿ ಸ್ಕೂಲ್‌ಕ್ರಾಫ್ಟ್ ಎಂಬ ಅಧಿಕಾರಿ, ಮೂಲನಿವಾಸಿಗಳ ವ್ಯವಹಾರ ನೋಡಿಕೊಳ್ಳುವ ಸರ್ಕಾರಿ ಪ್ರತಿನಿಧಿಯಾಗಿದ್ದವನು, ಕ್ಯಾಸ್‌ನ ತಂಡದಲ್ಲಿಯೂ ಇದ್ದವನು, 1832ರಲ್ಲಿ ಮತ್ತೆ ಹೊರಟ. ಒಜಿಬ್ವೆ ಮತ್ತು ಡಕೋಟ ಜನರ ನಡುವೆ ಸಂಧಾನ ಮಾಡಿಸುವುದು ಮತ್ತು ಸಿಡುಬಿನ ಲಸಿಕೆ ಹಾಕಿಸುವುದು ಅವನಿಗೆ ಸರ್ಕಾರ ವಹಿಸಿದ್ದ ಕೆಲಸ. ತಂಡದ ವೈದ್ಯ ಡಗ್ಲಸ್ ಹೌಟನ್ ಆ ಪ್ರಯಾಣದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನಕ್ಕೆ ಲಸಿಕೆ ಹಾಕಿದನೆಂಬುದು, ಮೂಲವನ್ನು ಕಂಡುಹಿಡಿದದ್ದಕ್ಕಿಂತ ಹೆಚ್ಚು ನೆನಪಿಡಬೇಕಾದ ಸಂಗತಿಯಾದರೂ, ಯಾವ ಸ್ಮಾರಕಶಿಲೆಯ ಭಾಗ್ಯವನ್ನೂ ಅಷ್ಟಾಗಿ ಕಂಡಿಲ್ಲ. ಓಝಾವಿಂಡಿಬ್ ಎಂಬ ಒಜಿಬ್ವೆ ಮುಖಂಡ ತಂಡಕ್ಕೆ ದಾರಿ ತೋರಿಸಿದ. ದೊಡ್ಡ ದೋಣಿಗಳನ್ನು ಹಿಂದೆ ಬಿಟ್ಟು, ಬರ್ಚ್ ಮರದ ತೊಗಟೆಯ ಹಗುರ ದೋಣಿಗಳಲ್ಲಿ ಅವನು ಅವರನ್ನು ನದಿಯ ಪೂರ್ವದ ಕವಲಿನಲ್ಲಿ ಮೇಲಕ್ಕೆ ಕರೆದೊಯ್ದು, ಅದು ಮುಗಿದ ಕಡೆ ದೋಣಿಗಳನ್ನೂ ಸರಂಜಾಮನ್ನೂ ಹೆಗಲ ಮೇಲೆ ಹೊರಿಸಿ ಸುಮಾರು ಆರು ಮೈಲಿ ಜೌಗು ಮತ್ತು ಮರಳುದಿಬ್ಬಗಳನ್ನು ದಾಟಿಸಿದ. ಒಂದು ನೀರಿನಿಂದ ಇನ್ನೊಂದು ನೀರಿಗೆ ಹೀಗೆ ದೋಣಿ ಹೊತ್ತು ನಡೆಯುವ ಹೊರೆದಾರಿಗಳೇ ಆ ಸೀಮೆಯ ಹೆದ್ದಾರಿಗಳಾಗಿದ್ದು, ಅವುಗಳ ತಿಳಿವಳಿಕೆಯೆಲ್ಲ ಒಜಿಬ್ವೆಯರ ಬಳಿಯಿತ್ತು. ಜುಲೈ 13ರಂದು ಸರೋವರ ಕಂಡಿತು. ತಂಡದವರು ಅದರ ದ್ವೀಪವೊಂದರಲ್ಲಿ ಇಳಿದು, ಧ್ವಜ ಏರಿಸಿ, ಕೆಲವೇ ಗಂಟೆ ಅಲ್ಲಿದ್ದು ಕೋಡಿಯ ಕಡೆಯಿಂದ ಹೊರಟುಬಿಟ್ಟರು.

ಹೆಸರಿನ ಕಥೆ ಇನ್ನೂ ವಿಚಿತ್ರವಾದದ್ದು. ಸ್ಕೂಲ್‌ಕ್ರಾಫ್ಟ್ ತನ್ನೊಡನಿದ್ದ ಪಾದ್ರಿ ವಿಲಿಯಂ ಬೌಟ್‌ವೆಲ್‌ನನ್ನು ನಿಜವಾದ ಮೂಲ ಎಂಬುದಕ್ಕೆ ಲ್ಯಾಟಿನ್ ಪದ ಕೇಳಿದಾಗ ಅವನು ಸತ್ಯ ಎಂಬರ್ಥದ ವೆರಿಟಾಸ್, ತಲೆ ಎಂಬರ್ಥದ ಕಾಪುಟ್ ಎಂಬ ಎರಡು ಪದಗಳನ್ನು ಕೊಟ್ಟ. ಮೊದಲ ಪದದ ತಲೆಯನ್ನೂ ಎರಡನೆಯದರ ಬಾಲವನ್ನೂ ಕತ್ತರಿಸಿ ನಡುವೆ ಉಳಿದದ್ದನ್ನು ಹೊಲಿದಾಗ ಇಟಾಸ್ಕಾ ಹುಟ್ಟಿತು. ಕಿವಿಗೆ ಮೂಲನಿವಾಸಿಗಳ ನುಡಿಯಂತೆ ಕೇಳಿಸುವ ಈ ಶಬ್ದಕ್ಕೆ ತಕ್ಕ ಹಾಗೆ, ಇಟಾಸ್ಕಾ ಎಂಬ ಕನ್ಯೆ ಅತ್ತ ಕಣ್ಣೀರೇ ನದಿಯಾಯಿತೆಂಬ ದಂತಕಥೆಯೂ ಆಮೇಲೆ ಹುಟ್ಟಿಕೊಂಡು ಬಹುಕಾಲ ನಂಬಿಕೆಯಲ್ಲಿತ್ತು. ಒಜಿಬ್ವೆ ಹೆಸರೊಂದನ್ನು ಅಳಿಸಿ, ಲ್ಯಾಟಿನ್ ತುಂಡುಗಳಿಂದ ಇನ್ನೊಂದನ್ನು ಮಾಡಿ, ಅದಕ್ಕೆ ಒಜಿಬ್ವೆ ವೇಷ ತೊಡಿಸಿದ ಈ ಕ್ರಮದಲ್ಲಿ ಆ ಶತಮಾನದ ಮನೋಧರ್ಮ ಚೆನ್ನಾಗಿ ಕಾಣುತ್ತದೆ. ಮುಂದೆ 1855ರಲ್ಲಿ ವಾಷಿಂಗ್ಟನ್ನಿನಲ್ಲಿ ಆದ ಒಪ್ಪಂದದ ಮೂಲಕ ಒಜಿಬ್ವೆಯರು ಈ ಸೀಮೆಯನ್ನು ಬಿಟ್ಟುಕೊಡಬೇಕಾಯಿತು.

ಆದರೂ ಮೂಲದ ವಿವಾದ ಮುಗಿಯಲಿಲ್ಲ, ಏಕೆಂದರೆ ಇಟಾಸ್ಕಾ ಸರೋವರಕ್ಕೂ ನೀರು ಬೇರೆಡೆಯಿಂದ ಬರುತ್ತದೆ. ಅಂತರ್ಯುದ್ಧದಲ್ಲಿ ಸೈನಿಕನಾಗಿದ್ದ ವಿಲರ್ಡ್ ಗ್ಲೇಜಿಯರ್ ಎಂಬವನು 1881ರಲ್ಲಿ ಬಂದು, ದಕ್ಷಿಣಕ್ಕಿರುವ ಎಲ್ಕ್ ಸರೋವರವೇ ನಿಜವಾದ ಮೂಲವೆಂದು ಹೇಳಿ ಅದಕ್ಕೆ ತನ್ನದೇ ಹೆಸರಿಟ್ಟುಕೊಂಡ. ಆ ಸರೋವರವನ್ನು ಸರ್ಕಾರಿ ಸರ್ವೆಯವರು ಆ ಮೊದಲೇ ಅಳೆದು ಗುರುತಿಸಿದ್ದರೆಂಬುದೂ, ಅವನ ಬರಹದಲ್ಲಿ ಸ್ಕೂಲ್‌ಕ್ರಾಫ್ಟ್‌ನ ಪುಸ್ತಕದಿಂದ ಎತ್ತಿಕೊಂಡ ಭಾಗಗಳಿದ್ದವೆಂಬುದೂ ಬೇಗನೆ ಬಯಲಾಗಿ ದೊಡ್ಡ ಗದ್ದಲವೆದ್ದಿತು. ಇದನ್ನು ಬಗೆಹರಿಸಲೆಂದು ಮಿನ್ನೆಸೋಟ ಐತಿಹಾಸಿಕ ಸಂಘವು 1889ರಲ್ಲಿ ಜೇಕಬ್ ಬ್ರೋವರ್ ಎಂಬಾತನನ್ನು ನಿಯೋಜಿಸಿತು. ವಕೀಲಿಕೆ, ಶಾಸಕ ಸ್ಥಾನ, ಭೂಮಾಪನ, ಪುರಾತತ್ತ್ವ ಇವೆಲ್ಲವನ್ನೂ ಕಂಡಿದ್ದ ಬ್ರೋವರ್, ಸರಪಳಿ ಹಿಡಿದು ತೊರೆ ತೊರೆಯನ್ನೂ ಅಳೆದು, ಇಟಾಸ್ಕಾಕ್ಕೆ ನೀರುಣಿಸುವ ಬೋಗುಣಿಯಂತಹ ಇಡೀ ಜಲಾನಯನ ಪ್ರದೇಶವನ್ನು ಭೂಪಟಕ್ಕೆ ಇಳಿಸಿದ. ಮೇಲಿನ ಕೊಳಗಳೂ ಊಟೆಗಳೂ ಎಷ್ಟೇ ಇರಲಿ, ನದಿಯೆಂದು ಕರೆಯಬಹುದಾದ ಹರಿವು ತೊಡಗುವುದು ಇಟಾಸ್ಕಾದ ಕೋಡಿಯಿಂದಲೇ ಎಂದು ತೀರ್ಮಾನಿಸಿದ. ಗ್ಲೇಜಿಯರನ ಡಂಭಕ್ಕೆ ಉತ್ತರವಾಗಿ ನಡೆದ ಈ ಸರ್ವೆಯೇ ಉದ್ಯಾನಕ್ಕೆ ಹಾದಿ ಮಾಡಿತು, ಏಕೆಂದರೆ ಅಳತೆಗೆಂದು ತಿಂಗಳುಗಟ್ಟಲೆ ಆ ಕಾಡಿನಲ್ಲಿ ಕಳೆದ ಬ್ರೋವರ್‌ಗೆ ನಾಟಾ ಕಂಪನಿಗಳ ಕೊಡಲಿ ಎಷ್ಟು ಹತ್ತಿರ ಬಂದಿದೆಯೆಂಬುದು ಕಣ್ಣಾರೆ ಕಂಡಿತ್ತು.

ಅವನ ಒತ್ತಾಯದಿಂದ ಮಂಡನೆಯಾದ ಮಸೂದೆ ಶಾಸನಸಭೆಯಲ್ಲಿ ಒಂದೇ ಒಂದು ಮತದ ಅಂತರದಿಂದ ಗೆದ್ದಿತು. ಬ್ರೋವರ್ ಮೊದಲ ಕಮಿಷನರ್, ಎಂದರೆ ಉದ್ಯಾನದ ಆಡಳಿತಾಧಿಕಾರಿ, ಆದ. ಆದರೆ ಶಾಸನವು ಎಲ್ಲೆಯನ್ನು ಎಳೆದಿತ್ತೇ ಹೊರತು ಎಲ್ಲೆಯೊಳಗಿನ ನೆಲವನ್ನು ಕೊಳ್ಳಲು ಹಣ ಕೊಟ್ಟಿರಲಿಲ್ಲ. ಕೇಂದ್ರದ ವಶದಲ್ಲಿದ್ದ ಭಾಗ 1892ರಲ್ಲಿ ಅಮೆರಿಕ ಸಂಸತ್ತಿನ ಕಾಯಿದೆಯಿಂದ ರಾಜ್ಯಕ್ಕೆ ಬಂದರೂ, ರೈಲ್ವೆ ಮತ್ತು ನಾಟಾ ಕಂಪನಿಗಳ ಹಿಡುವಳಿ ಅವುಗಳ ಕೈಯಲ್ಲಿಯೇ ಉಳಿಯಿತು. ಹೀಗಾಗಿ ಉದ್ಯಾನವೆಂದು ಘೋಷಿತವಾದ ನೆಲದಲ್ಲಿಯೇ 1900ರ ಬಳಿಕ ಸುಮಾರು ಎರಡು ದಶಕ ಮರ ಕಡಿಯುವ ಕೆಲಸ ನಡೆಯಿತು.

ಆ ಕಸುಬಿನ ಕ್ರಮವನ್ನು ತಿಳಿಯದೆ ಮುಂದಿನ ಘಟನೆ ಅರ್ಥವಾಗುವುದಿಲ್ಲ. ಮರಗಳನ್ನು ಚಳಿಗಾಲದಲ್ಲಿ ಉರುಳಿಸಿ, ನೀರು ಚಿಮುಕಿಸಿ ಹೆಪ್ಪುಗಟ್ಟಿಸಿದ ಹಾದಿಗಳ ಮೇಲೆ ಕುದುರೆಗಳಿಂದ ಎಳೆಸಿ ನೀರಿನಂಚಿಗೆ ತಂದು ಒಟ್ಟುತ್ತಿದ್ದರು. ವಸಂತದಲ್ಲಿ ಹಿಮ ಕರಗಿ ನೀರೇರಿದಾಗ ದಿಮ್ಮಿಗಳನ್ನು ನದಿಗೆ ನೂಕಿ ಕೆಳಗಿನ ಗರಗಸದ ಕಾರ್ಖಾನೆಗಳಿಗೆ ತೇಲಿಸುವುದು ವಾಡಿಕೆ. ಆದರೆ ಮೊಣಕಾಲಾಳದ ಮಿಸಿಸಿಪ್ಪಿಯಲ್ಲಿ ಅಷ್ಟು ದಿಮ್ಮಿ ತೇಲುವಂತಿರಲಿಲ್ಲವಾದ್ದರಿಂದ, ಕೋಡಿಯ ಕೆಳಗೆ ಒಡ್ಡು ಕಟ್ಟಿ, ತೂಬು ಮುಚ್ಚಿ, ಸರೋವರವನ್ನೇ ಕೆರೆಯಂತೆ ತುಂಬಿಸಿಟ್ಟುಕೊಂಡು, ಬೇಕೆಂದಾಗ ತೂಬೆತ್ತಿ ಕೃತಕ ಪ್ರವಾಹ ಬಿಡುವ ಉಪಾಯವನ್ನು ದಿಮ್ಮಿ ಸಾಗಿಸುವ ಕಂಪನಿ ಹೂಡಿತು. ನೀರು ನಿಂತಷ್ಟೂ ದಡದ ಮರಗಳ ಬೇರು ಕೊಳೆಯತೊಡಗಿತು.

ಕಮಿಷನರ್ ಆಗಿದ್ದ ಜಾನ್ ಗಿಬ್ಸ್ 1903ರ ಆರಂಭದಲ್ಲಿ ತೀರಿಕೊಂಡಾಗ ರಾಜ್ಯಪಾಲರು ಅವನ ಮಗಳು, 24 ವರ್ಷದ ಮೇರಿ ಗಿಬ್ಸ್‌ಳನ್ನೇ ತಾತ್ಕಾಲಿಕವಾಗಿ ಆ ಹುದ್ದೆಗೆ ನೇಮಿಸಿದರು. ಉತ್ತರ ಅಮೆರಿಕದಲ್ಲಿ ಉದ್ಯಾನವೊಂದರ ಆಡಳಿತ ವಹಿಸಿಕೊಂಡ ಮೊದಲ ಮಹಿಳೆ ಎಂದು ಅವಳನ್ನು ಗುರುತಿಸಲಾಗುತ್ತದೆ. ತಾತ್ಕಾಲಿಕ ಅಧಿಕಾರಿಗಳು ಸಾಮಾನ್ಯವಾಗಿ ಹಿಡಿಯುವ ಸುಮ್ಮನಿರುವ ದಾರಿಯನ್ನು ಅವಳು ಹಿಡಿಯಲಿಲ್ಲ. ಆ ವಸಂತದಲ್ಲಿ ಸರೋವರದ ನೀರು ಏರಿ ದಡದ ಪೈನ್ ಮರಗಳ ಬುಡ ಮುಳುಗಿದಾಗ ತೂಬು ತೆರೆಯಬೇಕೆಂದು ಆಜ್ಞೆ ಮಾಡಿದಳು, ಕಂಪನಿಯವರು ಕೇಳದಿದ್ದಾಗ ಕಾನೂನಿನ ಅಧಿಕಾರಿಯನ್ನು ಕರೆದುಕೊಂಡು ತಾನೇ ಒಡ್ಡಿನ ಬಳಿಗೆ ಹೋದಳು, ಸನ್ನೆಗೋಲು ಮುಟ್ಟಿದವರಿಗೆ ಗುಂಡು ಹಾರಿಸುವೆವೆಂಬ ಬೆದರಿಕೆಗೂ ಹಿಂದೆ ಸರಿಯಲಿಲ್ಲ. ಕಂಪನಿಯಾದರೋ ನ್ಯಾಯಾಲಯಕ್ಕೆ ಹೋಗಿ ಅವಳ ಕೈಕಟ್ಟುವ ಆದೇಶ ತಂದಿತು. ಕೆಲವೇ ತಿಂಗಳಲ್ಲಿ ಆ ಹುದ್ದೆಗೆ ಬೇರೊಬ್ಬರು ಬಂದರು. ಲೆಕ್ಕಕ್ಕೆ ಅದು ಸೋಲೇ. ಆದರೆ ಆ ಜಗಳ ಉದ್ಯಾನದ ಪೈನ್ ಮರಗಳ ಸ್ಥಿತಿಯನ್ನು ಸಾರ್ವಜನಿಕ ಪ್ರಶ್ನೆಯನ್ನಾಗಿ ಮಾಡಿತು, ಮತ್ತು ಇಂದು ನದೀಮೂಲದ ಬಳಿಯಿರುವ ಸಂದರ್ಶಕರ ಕೇಂದ್ರಕ್ಕೆ ಅವಳದೇ ಹೆಸರಿದೆ.

ಮರ ಉರುಳುತ್ತಿದ್ದ ಅದೇ ವರ್ಷಗಳಲ್ಲಿ ವಿಹಾರದ ವ್ಯವಸ್ಥೆಯೂ ಬೆಳೆಯಿತೆಂಬುದು ಇಲ್ಲಿನ ವೈಚಿತ್ರ್ಯ. ಸಿಪ್ಪೆ ತೆಗೆದ ಪೈನ್ ದಿಮ್ಮಿಗಳಿಂದ ಕಟ್ಟಿದ ಡಗ್ಲಸ್ ಲಾಡ್ಜ್ ಎಂಬ ವಸತಿಗೃಹ 1905ರಲ್ಲಿ ಸಿದ್ಧವಾಯಿತು; ಉದ್ಯಾನದ ಮರಗಳ ಪರವಾಗಿ ಶ್ರಮಿಸಿದ ರಾಜ್ಯದ ಅಟಾರ್ನಿ ಜನರಲ್ ವಾಲೇಸ್ ಡಗ್ಲಸ್‌ನ ನೆನಪಿಗೆ ಆ ಹೆಸರು. ಪಾರ್ಕ್ ರ‍್ಯಾಪಿಡ್ಸ್ ಪಟ್ಟಣದವರೆಗೆ ರೈಲಿನಲ್ಲಿ ಬಂದು, ಅಲ್ಲಿಂದ ಸುಮಾರು 20 ಮೈಲಿ ಕುದುರೆ ಬಂಡಿಯಲ್ಲಿ ಕುಲುಕುತ್ತ ಬರುತ್ತಿದ್ದ ಅತಿಥಿಗಳಿಗೆ ವಾರಗಟ್ಟಲೆ ತಂಗುವುದು, ಮೀನು ಹಿಡಿಯುವುದು, ದೋಣಿಯಲ್ಲಿ ತೇಲುವುದು ಇವೇ ವಿಹಾರವಾಗಿದ್ದವು. ಮಿನ್ನೆಸೋಟ ವಿಶ್ವವಿದ್ಯಾಲಯದ ಅರಣ್ಯಶಾಸ್ತ್ರದ ಬೇಸಿಗೆ ತರಗತಿಗಳು 1909ರಲ್ಲಿ ಸರೋವರದ ಪೂರ್ವದಡದಲ್ಲಿ ತೊಡಗಿದವು. ಮೋಟಾರು ಕಾರು ಬಂದ ಮೇಲೆ ವಾರಗಟ್ಟಲೆಯ ತಂಗುವಿಕೆ ಒಂದೆರಡು ದಿನಕ್ಕಿಳಿದು, ಡೇರೆ ಹಾಕುವ ಬಯಲುಗಳೂ ರಸ್ತೆಗಳೂ ಬೇಕಾದವು.

ಆ ಬೇಡಿಕೆಯನ್ನು ಪೂರೈಸಿದ್ದು ಮಹಾ ಆರ್ಥಿಕ ಕುಸಿತ. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1933ರಲ್ಲಿ ಆರಂಭಿಸಿದ ಸಿ.ಸಿ.ಸಿ. ಎಂಬ ನಾಗರಿಕ ಸಂರಕ್ಷಣಾ ಪಡೆಯು ಕೆಲಸವಿಲ್ಲದ ಯುವಕರನ್ನು ಶಿಬಿರಗಳಲ್ಲಿಟ್ಟು, ಊಟ ಬಟ್ಟೆ ಕೊಟ್ಟು, ಕಾಡು ಮತ್ತು ಉದ್ಯಾನಗಳ ಕಾಮಗಾರಿಗೆ ಹಚ್ಚುತ್ತಿತ್ತು. ತಿಂಗಳ ಸಂಬಳ 30 ಡಾಲರ್, ಅದರಲ್ಲಿ ಸಾಮಾನ್ಯವಾಗಿ 25 ಡಾಲರ್ ನೇರವಾಗಿ ಮನೆಗೆ ಹೋಗುತ್ತಿತ್ತು. ಗಾಳಿಗೆ ಉರುಳಿದ ಮರಗಳಿಂದ ಇಟಾಸ್ಕಾದಲ್ಲಿ ಅವರು 1934ರ ಸುಮಾರಿಗೆ ಕಟ್ಟಿದ ಓಲ್ಡ್ ಟೈಮರ್ಸ್ ಕ್ಯಾಬಿನ್ ಎಂಬ ಮನೆಯನ್ನು ಇಂದಿಗೂ ನೋಡಬಹುದು: ಒಂದರ ಮೇಲೊಂದರಂತೆ ನಾಲ್ಕೇ ದಿಮ್ಮಿ ಇಟ್ಟರೆ ಗೋಡೆ ಪೂರ್ತಿ, ಅಷ್ಟು ದಪ್ಪದ ಮರ. ಮೊದಲನೆಯ ಮಹಾಯುದ್ಧದಿಂದ ಮರಳಿದ ಮಾಜಿ ಸೈನಿಕರ ಪ್ರತ್ಯೇಕ ಪಡೆಯೂ ಇಲ್ಲಿ ದುಡಿದು, ಕಲ್ಲು ಮತ್ತು ದಿಮ್ಮಿಗಳ ಫಾರೆಸ್ಟ್ ಇನ್ ಎಂಬ ವಿಶಾಲ ಕಟ್ಟಡವನ್ನು ಕಟ್ಟಿತು.

ನದೀಮೂಲ ಈಗಿನ ರೂಪ ತಾಳಿದ್ದೂ ಆಗಲೇ. ಅದಕ್ಕೆ ಮುಂಚೆ ಕೋಡಿಯ ಜಾಗ ಆಪು ಬೆಳೆದ ಜೌಗಾಗಿದ್ದು, ಸರೋವರ ಎಲ್ಲಿ ಮುಗಿದು ನದಿ ಎಲ್ಲಿ ತೊಡಗುತ್ತದೆಂದು ಬೆರಳಿಟ್ಟು ತೋರಿಸುವಂತಿರಲಿಲ್ಲ. ದೂರದಿಂದ ಬಂದವರಿಗೆ ಕಾಣುತ್ತಿದ್ದುದು ಕೆಸರು ಮತ್ತು ಸೊಳ್ಳೆ. ಮಹಾನದಿಯ ಮೂಲಕ್ಕೆ ಇದು ತಕ್ಕುದಲ್ಲವೆಂದು ಬಗೆದವರು ಜೌಗನ್ನು ಬಸಿದು, ಹೊಸ ಕಾಲುವೆ ತೋಡಿ, ಸರೋವರದ ಅಂಚಿಗೆ ಅಡ್ಡವಾಗಿ ಕಾಂಕ್ರೀಟಿನ ಒಡ್ಡು ಹಾಕಿ, ಅದು ಕಾಣದಂತೆ ಮೇಲೆ ಬಂಡೆಗಳನ್ನು ಸಾಲಿಟ್ಟರು. ಕಂಪನಿಯೊಂದು ಲಾಭಕ್ಕಾಗಿ ಕಟ್ಟಿದ ಒಡ್ಡಿನ ವಿರುದ್ಧ ಮೇರಿ ಗಿಬ್ಸ್ ಸೆಣಸಿದ ಮೂರು ದಶಕಗಳಾದ ಮೇಲೆ, ಅದೇ ನೀರಿಗೆ ಸರ್ಕಾರವು ಅಂದಕ್ಕಾಗಿ ಒಡ್ಡು ಕಟ್ಟಿತು. ಇದನ್ನು ಮೋಸವೆನ್ನುವುದು ಕಟುವಾದೀತು. ಜೌಗೇ ಉಳಿದಿದ್ದರೆ ಜನ ನೀರಿಗೆ ಹತ್ತಿರವಾಗುತ್ತಲೂ ಇರಲಿಲ್ಲ. ಆದರೆ ಅಲ್ಲಿ ಚಿತ್ರ ತೆಗೆಸಿಕೊಳ್ಳುವವರಲ್ಲಿ ಬಹುಪಾಲು ಮಂದಿಗೆ ಕಾಲಡಿಯದು ನೈಸರ್ಗಿಕವೆಂಬ ಭಾವನೆಯಿರುವುದಂತೂ ನಿಜ.

ಇಂದಿನ ವಿಹಾರದ ವಿವರ ಚಿಕ್ಕದು. ಹತ್ತು ಮೈಲಿ ಉದ್ದದ ಕಾಡುಹಾದಿಯಲ್ಲಿ ಕಾರಿನಲ್ಲಿಯೂ ಸೈಕಲ್ಲಿನಲ್ಲಿಯೂ ಸುತ್ತಬಹುದು. ಕಾಳ್ಗಿಚ್ಚು ಕಾಯಲು ಕಟ್ಟಿದ, ನೂರಡಿ ಎತ್ತರದ ಉಕ್ಕಿನ ಗೋಪುರವನ್ನು ಏರಿದರೆ ಕಾಡಿನ ನಡುವೆ ಕೊಳಗಳು ಚೆಲ್ಲಿದಂತೆ ಕಾಣುತ್ತವೆ. ಚಳಿಗಾಲದಲ್ಲಿ ಹಿಮದ ಮೇಲೆ ಸ್ಕೀ ಕಟ್ಟಿ ಜಾರುವವರು ಬರುತ್ತಾರೆ. ಸುಮಾರು 2000 ಎಕರೆಯ ಒಂದು ಭಾಗವನ್ನು ಕೈಯಿಡದ ಕಾಡಾಗಿ ಬಿಟ್ಟಿದ್ದು, ಅದಕ್ಕೆ 1965ರಲ್ಲಿ ರಾಷ್ಟ್ರೀಯ ನೈಸರ್ಗಿಕ ಹೆಗ್ಗುರುತಿನ ಮನ್ನಣೆ ಸಿಕ್ಕಿತು.

ಕೈಯಿಡದೆ ಬಿಟ್ಟರೆ ಕಾಡು ಉಳಿಯುತ್ತದೆಯೇ ಎಂಬುದೇ ಇಲ್ಲಿ ಕಠಿಣವಾದ ಪ್ರಶ್ನೆಯಾಯಿತು. ದೊಡ್ಡ ಬಿಲ್ಲೆಗಳಂತೆ ಒಡೆದ ಕೆಂಪುತೊಗಟೆಯ ಕೆಂಪು ಪೈನ್ ಇನ್ನೂರು ಮುನ್ನೂರು ವರ್ಷ ಬದುಕಬಲ್ಲದು, ಆದರೆ ಅದರ ಬೀಜ ಮೊಳೆಯಲು ತರಗೆಲೆಯಿಲ್ಲದ ಬರಿಮಣ್ಣೂ ಮೇಲಿನಿಂದ ಬಿಸಿಲೂ ಬೇಕು. ಹಿಂದೆ ಇವೆರಡನ್ನೂ ಒದಗಿಸುತ್ತಿದ್ದುದು ನೆಲಮಟ್ಟದಲ್ಲಿ ಹರಿಯುವ ಬೆಂಕಿ; ಹಳೆಯ ಮರಗಳ ಬುಡದಲ್ಲಿ ಬೆಂಕಿ ಸುಟ್ಟ ಗಾಯಗಳು ವಾರ್ಷಿಕ ಉಂಗುರಗಳ ನಡುವೆ ದಾಖಲಾಗಿದ್ದು, ಅವನ್ನು ಎಣಿಸಿದ ವಿಜ್ಞಾನಿಗಳು ಯಾವ ಯಾವ ವರ್ಷ ಕಾಡು ಹೊತ್ತಿತ್ತೆಂದು ಗುರುತಿಸಿದ್ದಾರೆ. ಉದ್ಯಾನವಾದ ಮೇಲೆ ಬೆಂಕಿಯನ್ನು ಶತ್ರುವೆಂದು ಆರಿಸುತ್ತ ಬಂದುದರಿಂದ ಮುದಿ ಪೈನ್‌ಗಳ ಕೆಳಗೆ ಪೈನ್ ಸಸಿಗಳಿಲ್ಲದೆ ಬೇರೆ ಮರಗಳೂ ಪೊದೆಗಳೂ ದಟ್ಟೈಸಿದವು. ಬೇಟೆಯ ನಿಷೇಧದಿಂದ ಬಿಳಿಬಾಲದ ಜಿಂಕೆಗಳು ಮಿತಿಮೀರಿ ಹೆಚ್ಚಿ, ಅಲ್ಲೊಂದು ಇಲ್ಲೊಂದು ಎದ್ದ ಸಸಿಯನ್ನೂ ಮೇಯ್ದು ಮುಗಿಸಿದವು. ಕಡೆಗೆ 1940ರ ದಶಕದಲ್ಲಿ ಬೇಟೆಗೆ ಮತ್ತೆ ಅನುಮತಿ ಕೊಡಬೇಕಾಯಿತು. ಇತ್ತೀಚಿನ ದಶಕಗಳಲ್ಲಿ ಆಯ್ದ ತಾಣಗಳಿಗೆ ಲೆಕ್ಕಹಾಕಿ ಬೆಂಕಿಯಿಡುವ ಕ್ರಮವೂ ಬಂದಿದೆ.

ಬಿಳಿ ಪೈನ್ ಸಸಿಯ ವಿಷಯದಲ್ಲಿ ಇನ್ನೂ ಸೂಕ್ಷ್ಮವಾದ ಆರೈಕೆ ನಡೆಯುತ್ತದೆ. ಹಿಮ ಬಿದ್ದ ಮೇಲೆ ಹಸಿರು ಸಿಗದ ಜಿಂಕೆ ಹುಡುಕುವುದು ಸಸಿಯ ನೆತ್ತಿಯ ಮೊಗ್ಗನ್ನು. ಆ ಒಂದು ಮೊಗ್ಗು ಹೋದರೆ ಸಸಿ ಎತ್ತರಕ್ಕೆ ಏಳದೆ ಕುಳ್ಳಾಗಿ ಪೊದೆಗಟ್ಟುತ್ತದೆ. ಆದ್ದರಿಂದ ಚಳಿಗಾಲಕ್ಕೆ ಮೊದಲು ಅಂಗೈಯಗಲದ ಕಾಗದದ ಚೂರೊಂದನ್ನು ಆ ಮೊಗ್ಗಿನ ಸುತ್ತ ಮಡಿಸಿ, ಸೂಜಿಯಂತಹ ಎಲೆಗಳೂ ಸೇರುವಂತೆ ಸ್ಟೇಪ್ಲರ್ ಒತ್ತಿ ನಿಲ್ಲಿಸುತ್ತಾರೆ. ವಸಂತದಲ್ಲಿ ಚಿಗುರು ಕಾಗದದ ತೆರೆದ ಬಾಯಿಂದ ಮೇಲೇರುತ್ತದೆ, ಶರತ್ಕಾಲಕ್ಕೆ ಅದರ ಹೊಸ ತುದಿಗೆ ಹೊಸ ಕಾಗದ ಬೇಕಾಗುತ್ತದೆ. ಜಿಂಕೆಯ ಬಾಯಿಗೆ ನಿಲುಕದಷ್ಟು ಎತ್ತರ ಬರುವವರೆಗೆ, ಪ್ರತಿ ಸಸಿಗೂ, ಪ್ರತಿ ವರ್ಷವೂ ಇದೇ ಕೆಲಸ.